ಬಿರುಕಿನ ಮೇಲೊಂದು ಗಾಜಿನ ಪಟ್ಟಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಮೂರನೇ ಬೀದಿಯ ಹಸಿರು ಬಾಗಿಲನ್ನು ಗಾಜಿನಕ್ಕ ಎರಡು ಸಲ ತಟ್ಟುತ್ತಾರೆ. ತಟ್ಟಿ ಒಂದು ಮೆಟ್ಟಿಲು ಕೆಳಗಿಳಿದು ನಿಲ್ಲುತ್ತಾರೆ. ಒಳಗೆ ಚಿಲಕ ಸರಿದ ಸದ್ದು. ಕಂಬಳಿ ಹೊದ್ದ ಗಂಡಸೊಬ್ಬ ಅರ್ಧ ಕಣ್ಣು ತೆರೆದು, ಯಾರೆಂದೂ ಕೇಳದೆ, ಬಾಗಿಲನ್ನು ಹಾಗೇ ಬಿಟ್ಟು ವಾಪಸ್ ಹೋಗಿ ಮಲಗುತ್ತಾನೆ. ಅವನ ಹೆಂಡತಿ ಅಡುಗೆಮನೆಯಿಂದಲೇ ದನಿ ತಗ್ಗಿಸಿ ಹೇಳುತ್ತಾಳೆ: "ಬನ್ನಿ ಅಕ್ಕಾ. ಮಂಚದ ಹತ್ತಿರ ಹುಷಾರು, ಮಗು ಈಗಷ್ಟೇ ಮಲಗಿದೆ."

ಗಾಜಿನಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಮಂಚಕ್ಕೂ ಬೀರುವಿಗೂ ನಡುವಿನ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಹೊರಟ ಬಿರುಕೊಂದು ಓರೆಯಾಗಿ ಸೂರಿನವರೆಗೆ ಹತ್ತಿದೆ. ಆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ. ಒಂದು ಬೆರಳು ಅಗಲ, ಗೇಣಿಗೆ ಸ್ವಲ್ಪ ಕಡಿಮೆ ಉದ್ದ. ಅದರ ಎರಡು ತುದಿಗಳನ್ನೂ ಸಿಮೆಂಟಿನಲ್ಲಿ ಹೂತಿದ್ದಾರೆ. ಕೆಳಗೆ ಕೆಂಪು ಬಣ್ಣದಲ್ಲಿ ಅಂಟಿಸಿದ ದಿನದ ತಾರೀಖು. ಅವರು ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿಯುತ್ತಾರೆ, ಬೆಳಕು ಗಾಜಿನ ಮೇಲೆ ಓರೆಯಾಗಿ ಹರಿಯಲಿ ಎಂದು. ನೋಡುತ್ತಾರೆ. ಆಮೇಲೆ ಹೆಬ್ಬೆರಳಿನ ಉಗುರನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆಯುತ್ತಾರೆ. ಕೂದಲೆಳೆಯಷ್ಟು ಸೀಳಿದ್ದರೂ ಉಗುರು ಅಲ್ಲಿ ತಡೆಯುತ್ತದೆ. ಇವತ್ತು ತಡೆಯಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಆ ಮನೆಯ ಹಾಳೆಯಲ್ಲಿ "ಹಾಗೇ ಇದೆ" ಎಂದು ಬರೆಯುತ್ತಾರೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಕಂಬಳಿಯ ಒಳಗಿಂದ ಆ ಗಂಡಸು ಕೇಳುತ್ತಾನೆ, "ಏನಂತೆ ಅಕ್ಕ?"

"ಇನ್ನೂ ಅರ್ಧ ಗಂಟೆ ಮಲಗಬಹುದಂತೆ," ಎನ್ನುತ್ತ ಅವರು ಚಪ್ಪಲಿ ಮೆಟ್ಟುತ್ತಾರೆ.

ಗುಡ್ಡದ ಮೈಗೆ ಅಂಟಿಕೊಂಡಂತೆ ಇರುವ ಈ ಊರಿನಲ್ಲಿ ಸಮನಾದ ನೆಲ ಅಂತ ಇರುವುದು ಬಸ್ ನಿಲ್ದಾಣ ಮತ್ತು ಶಾಲೆಯ ಅಂಗಳ ಮಾತ್ರ. ಮಿಕ್ಕದ್ದೆಲ್ಲ ಮೆಟ್ಟಿಲು. ಒಂದು ಬೀದಿಯ ಸೂರು ಮೇಲಿನ ಬೀದಿಯವರ ಅಂಗಳದ ಮಟ್ಟಕ್ಕೆ ಬರುತ್ತದೆ. ಚಳಿಗಾಲದಲ್ಲಿ ಗೋಡೆಗಳು ಬಿಗಿದುಕೊಳ್ಳುತ್ತವೆ. ಬೇಸಿಗೆಗೆ ಸಡಿಲವಾಗುತ್ತವೆ. ಆಮೇಲೆ ಮೂರು ತಿಂಗಳು ಮಳೆ. ಹಾಗಾಗಿ ಇಲ್ಲಿ ಬಿರುಕಿಲ್ಲದ ಮನೆ ಹುಡುಕಿದರೂ ಸಿಗದು. ಬಿರುಕಿದೆ ಎಂದು ಯಾರೂ ಹೆದರುವುದೂ ಇಲ್ಲ. ಅದು ಬೆಳೆಯುತ್ತಿದೆಯೋ ಇಲ್ಲವೋ ಎನ್ನುವುದೇ ಪ್ರಶ್ನೆ. ದಿನಾ ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಗಾಜಿಗೆ ಗೊತ್ತಾಗುತ್ತದೆ. ಗೋಡೆಯ ಎರಡು ಭಾಗಗಳು ಇಷ್ಟೇ ಇಷ್ಟು ಸರಿದರೂ ಗಾಜು ಸೀಳುತ್ತದೆ. ಅದಕ್ಕೆ ಬಾಗಲು ಬರುವುದಿಲ್ಲ.

ಏಳು ಬೀದಿ, ಅರವತ್ತಮೂರು ಮನೆ, ನೂರ ನಲವತ್ತೊಂದು ಗಾಜು. ಒಣ ದಿನಗಳಲ್ಲಿ ಒಂದೊಂದು ಗಾಜಿಗೂ ಹದಿನೈದು ದಿನಕ್ಕೊಮ್ಮೆ ಭೇಟಿ. ಮಳೆ ಹಿಡಿದ ಮೇಲೆ ಕೆಳಗಿನ ಬೀದಿಗಳಿಗೆ ವಾರಕ್ಕೆ ಎರಡು ಸಲ, ಮೇಲಿನ ಎರಡು ಬೀದಿಗಳಿಗೆ ದಿನವೂ. ಬೆಳಿಗ್ಗೆ ಐದೂವರೆಗೆ ಹೊರಟರೆ ಎಂಟೂವರೆಗೆ ಮುಗಿಯಬೇಕು, ಯಾಕೆಂದರೆ ಆಮೇಲೆ ಜನ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಾರೆ. ಬಿರುಕುಗಳೋ, ಬರೀ ಹಜಾರದಲ್ಲಿ ಇರುವುದಿಲ್ಲ. ಮಂಚದ ತಲೆಯ ಹತ್ತಿರ ಇರುತ್ತವೆ, ಬಚ್ಚಲಲ್ಲಿ ಇರುತ್ತವೆ, ಒಲೆಯ ಹಿಂದೆ ಇರುತ್ತವೆ.

"ಊರಿನ ಅರ್ಧ ಜನರನ್ನ ನಾನು ನೋಡಿರೋದೇ ಹಾಸಿಗೆಯಲ್ಲಿ," ಎಂದು ಹೇಳಿ, ತಾವು ಹೇಳಿದ್ದು ತಮಗೇ ಕೇಳಿಸಿದಂತೆ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. "ಯಾರ ಮನೇಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾರ ಮನೇಲಿ ಅತ್ತೆಗೆ ಜ್ವರ, ಎಲ್ಲಾ ಗೊತ್ತಾಗುತ್ತೆ. ಬರೆದುಕೊಳ್ಳೋದು ಗೋಡೆದು ಮಾತ್ರ."

ಬಾಡಿಗೆಗೆ ಮನೆ ಹುಡುಕಿ ಬರುವವರು ಈಗೀಗ ಮೊದಲು ಇವರನ್ನು ಕೇಳುತ್ತಾರೆ. ಹೋದ ತಿಂಗಳು ಹಾಗೆ ಬಂದ ಒಬ್ಬ ಮೇಷ್ಟ್ರಿಗೆ ಇವರು ಕೊಟ್ಟ ಉತ್ತರ ಊರೆಲ್ಲ ಓಡಾಡಿದೆ: "ಗೋಡೆ ಗಟ್ಟಿಯಾಗಿದೆ ಸಾರ್. ಮಾಲೀಕರ ಮೇಲೆ ನಾನು ಗಾಜು ಅಂಟಿಸಿಲ್ಲ."

ಅವರಿಗೀಗ ಐವತ್ತೇಳು. ಮದುವೆಯಾಗಿ ಬಂದದ್ದು ಕಿಟಕಿ ಗಾಜು ಕೊಯ್ದು ಕೊಡುವ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮನೆಗೆ. ಮಾವ ಸೊಸೆಯ ಕೈಗೆ ವಜ್ರದ ಮೊನೆ ಕೊಟ್ಟು, "ಗೆರೆ ಒಂದೇ ಸಲ ಎಳೀಬೇಕಮ್ಮ, ತಿದ್ದೋಕೆ ಹೋದರೆ ಕೆಡುತ್ತೆ," ಎಂದು ಹೇಳಿಕೊಟ್ಟರು. ಆರು ತಿಂಗಳಲ್ಲಿ ಸೊಸೆ ಗಂಡನಿಗಿಂತ ನೇರವಾಗಿ ಗಾಜು ಕೊಯ್ಯತೊಡಗಿದರು. ಗಂಡನೇ ಇದನ್ನು ಒಪ್ಪಿಕೊಳ್ಳುತ್ತಾರೆ: "ನಾನು ಚೌಕಟ್ಟಿನೋನು. ಗಾಜು ಅವಳದು."

ಇಪ್ಪತ್ತೊಂದು ವರ್ಷದ ಹಿಂದೆ ಪುರಸಭೆಯ ಎಂಜಿನಿಯರ್ ಒಬ್ಬರು ಅಂಗಡಿಗೆ ಬಂದು, ಕೊಯ್ದು ಮಿಕ್ಕ ತೆಳು ಗಾಜಿನ ತುಂಡುಗಳಿವೆಯೇ ಎಂದು ಕೇಳಿದರು. ಕಸದ ಡಬ್ಬಿ ತುಂಬ ಇತ್ತು. ಅದರಲ್ಲಿ ಬೆರಳಗಲದ ಪಟ್ಟಿಗಳನ್ನು ಮಾಡಿಕೊಡಲು ಹೇಳಿದರು, ಐವತ್ತು. ಯಾತಕ್ಕೆ ಎಂದು ಇವರು ಕೇಳಿದ್ದಕ್ಕೆ, ಎಂಜಿನಿಯರ್ ಅವರನ್ನು ಎದುರಿನ ಮನೆಗೇ ಕರೆದುಕೊಂಡು ಹೋಗಿ ಒಂದನ್ನು ಅಂಟಿಸಿ ತೋರಿಸಿದರು. ಸುಣ್ಣ, ಬಣ್ಣ ಕೆರೆದು ಇಟ್ಟಿಗೆ ಕಾಣುವವರೆಗೆ ಹೋಗಬೇಕು. ಎಳೆದರೆ ಹಿಗ್ಗುವ ಅಂಟು ಹಾಕಬಾರದು, ಸಿಮೆಂಟೇ ಆಗಬೇಕು. ತಾರೀಖು ಬರೆಯಬೇಕು. ಅಷ್ಟೇ ಪಾಠ.

"ಐವತ್ತನ್ನೂ ಅಂಟಿಸಿ ಒಂದು ವಾರ ಆದಮೇಲೆ ನಾನೇ ನೋಡೋಕೆ ಹೋದೆ. ಗೋಡೆ ನೋಡೋಕಲ್ಲ, ನಾನು ಕೊಯ್ದಿದ್ದು ನೆಟ್ಟಗಿದೆಯಾ ಅಂತ ನೋಡೋಕೆ," ಎನ್ನುತ್ತಾರೆ. "ನೋಡಿದರೆ ಐವತ್ತರಲ್ಲಿ ಎರಡು ಒಡೆದಿದ್ದವು. ಹೋಗಿ ಸಾಹೇಬರಿಗೆ ಹೇಳಿದೆ. ಅವರು ತುಂಬಾ ಖುಷಿಯಾಗಿ, ಇನ್ನು ಮುಂದೆ ನೀವೇ ನೋಡ್ತಾ ಇರಿ ಅಂದರು. ಎರಡು ವರ್ಷಕ್ಕೆ ಅವರಿಗೆ ವರ್ಗ ಆಯ್ತು. ಬೇಡ, ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲವಲ್ಲ. ಅದಕ್ಕೇ ನಡೀತಾ ಇದೆ."

ನಡುವೆ ಬಂದ ಎಂಜಿನಿಯರುಗಳಲ್ಲಿ ಕೆಲವರಿಗೆ ಇಂಥದ್ದೊಂದು ಕೆಲಸ ಇದೆ ಎನ್ನುವುದೇ ಗೊತ್ತಿರಲಿಲ್ಲ. ಒಬ್ಬರು, "ಈ ಗಾಜು ಗೋಡೆಯನ್ನ ಹಿಡಿದಿಡುತ್ತಾ?" ಎಂದು ಕೇಳಿದ್ದರಂತೆ. ಈಗ ಕಚೇರಿಯ ಪಟ್ಟಿಯಲ್ಲಿ ಹಂಗಾಮಿ ನೌಕರರ ಜೊತೆ ಇವರೂ ಇದ್ದಾರೆ. ಹುದ್ದೆಯ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಇದೆ. ಏನು ಬರೆಯಬೇಕೆಂದು ಗುಮಾಸ್ತರಿಗೆ ಹೊಳೆಯಲಿಲ್ಲವಂತೆ.

ಗಾಜಿನಕ್ಕ ಎಂಬ ಹೆಸರು ಈಗ ಪ್ರೀತಿಯದು. ಒಂದು ಕಾಲದಲ್ಲಿ ಅದು ಹಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಐದನೆಯ ಬೆಳಿಗ್ಗೆ ಎಲ್ಲಕ್ಕಿಂತ ಮೇಲಿನ ಬೀದಿಗೆ ಹೋದಾಗ ಮೊದಲ ಮನೆಯ ಗಾಜು ಒಡೆದಿತ್ತು. ಎರಡನೆಯ ಮನೆಯದೂ ಒಡೆದಿತ್ತು. ಬೀದಿಯ ಹದಿನಾಲ್ಕು ಮನೆ ಮುಗಿಸುವಷ್ಟರಲ್ಲಿ ಏಳು ಗಾಜು. ಕೊಡೆಯನ್ನೂ ಬಿಚ್ಚದೆ ಮೆಟ್ಟಿಲಿಳಿದು ಕಚೇರಿಗೆ ಓಡಿದರು. ಮಧ್ಯಾಹ್ನದೊಳಗೆ ಹದಿನಾಲ್ಕು ಸಂಸಾರಗಳೂ ಹಾಸಿಗೆ, ಪಾತ್ರೆ ಹೊತ್ತು ಶಾಲೆಗೆ ಇಳಿದವು. ತರಗತಿಯ ಬೆಂಚುಗಳನ್ನು ಒಟ್ಟಿ, ಸೀರೆಯ ಮರೆ ಕಟ್ಟಿಕೊಂಡು ಆರು ದಿನ ಅಲ್ಲೇ ಇದ್ದರು. ಗುಡ್ಡ ಒಂದು ಕಲ್ಲನ್ನೂ ಉದುರಿಸಲಿಲ್ಲ. ಏಳನೆಯ ದಿನ ಬಿಸಿಲು ಬಂತು.

ಆಮೇಲೆ ಗೊತ್ತಾಯಿತು. ಆ ಬೀದಿಯ ಹಿಂದೆ ಹೊಸ ನೀರಿನ ಟ್ಯಾಂಕಿಗೆ ನೆಲ ಗಟ್ಟಿ ಮಾಡಲು ಅದುರುವ ಯಂತ್ರವೊಂದನ್ನು ತಂದಿದ್ದರು. ಒಡೆದ ಗಾಜು ಕಂಡದ್ದರ ಹಿಂದಿನ ಸಂಜೆ, ಮಳೆ ಸ್ವಲ್ಪ ತಗ್ಗಿದಾಗ, ಅದನ್ನು ಎರಡು ಗಂಟೆ ಓಡಿಸಿದ್ದರು.

ಜನ ಮೊದಲು ರೇಗಿದರು, ಆಮೇಲೆ ನಗತೊಡಗಿದರು. ರೇಗಿದ್ದೇ ವಾಸಿ ಎನಿಸುತ್ತಿತ್ತು ಎನ್ನುತ್ತಾರೆ. ಇವರು ಬೀದಿಗೆ ಕಾಲಿಟ್ಟರೆ, "ಗಾಜಿನಕ್ಕ ಬಂದ್ಲು, ಗಂಟು ಕಟ್ಟಿ," ಎಂದು ಒಂದು ಅಂಗಳದಿಂದ ಇನ್ನೊಂದಕ್ಕೆ ಕೂಗಿ ಹೇಳುವರು. ಎಲ್ಲರಿಗಿಂತ ಹೆಚ್ಚು ನಷ್ಟವಾದದ್ದು ಆ ಬೀದಿಯ ಟೈಲರಿಗೆ. ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಆ ವರ್ಷ ಅವರಿಗೆ ಸಿಕ್ಕಿತ್ತು. ಆರು ದಿನ ಮುಚ್ಚಿದ ಮನೆಯಲ್ಲಿ ಬಟ್ಟೆ ಬೂಷ್ಟು ಹಿಡಿಯಿತು, ಹೊಲಿಗೆ ತಡವಾಯಿತು, ಕೆಲಸ ಬೇರೆಯವರ ಪಾಲಾಯಿತು.

"ಒಂದು ಮಧ್ಯಾಹ್ನ ಅಂಗಡಿಗೆ ಬಂದರು," ಎಂದು ಗಾಜಿನಕ್ಕ ನೆನೆಯುತ್ತಾರೆ. "ಪೇಪರಿನಲ್ಲಿ ಏನೋ ಸುತ್ತಿ ತಂದಿದ್ದರು. ಮೇಜಿನ ಮೇಲಿಟ್ಟು, 'ನಿಮ್ಮ ಸಾಮಾನು ನಿಮ್ಮ ಹತ್ರ ಇರಲಿ' ಅಂದರು. ಬಿಚ್ಚಿ ನೋಡಿದರೆ ಅವರ ಮನೆ ಗೋಡೆಯ ಮೂರು ಗಾಜು. ಸಿಮೆಂಟ್ ಸಮೇತ ಉಳಿಯಲ್ಲಿ ಎಬ್ಬಿಸಿ ತಂದಿದ್ದರು. ಜೋರಾಗಿ ಒಂದು ಮಾತಾಡಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳ್ತಿದ್ದೆನೇನೋ."

ಹನ್ನೊಂದು ದಿನ ಅವರು ಯಾವ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ಅಂಗಡಿಯಲ್ಲಿ ಕೂತು ಫೋಟೋಗಳ ಗಾಜು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುವುದನ್ನು ಗಂಡ ನೋಡುತ್ತಿದ್ದರು. ಹೆಚ್ಚು ಮಾತಿನ ಮನುಷ್ಯರಲ್ಲ ಅವರು. ಹನ್ನೆರಡನೆಯ ದಿನ ಚೌಕಟ್ಟಿಗೆ ಮೊಳೆ ಹೊಡೆಯುತ್ತ, ತಲೆ ಎತ್ತದೆ ಹೇಳಿದರಂತೆ: "ಗಾಜೇನೂ ಸುಳ್ಳು ಹೇಳಲಿಲ್ಲ. ಗೋಡೆ ಅಲ್ಲಾಡಿತ್ತು. ಯಾಕೆ ಅಲ್ಲಾಡ್ತು ಅಂತ ನೀನು ಕೇಳಲಿಲ್ಲ, ಅಷ್ಟೆ."

ಆ ಮಾತು ಅವರ ಮನಸ್ಸಿಗೆ ನಾಟಿತು. ಮಾರನೆಯ ದಿನದಿಂದ ಅವರ ಕೆಲಸದ ರೀತಿಯೇ ಬದಲಾಯಿತು. ಬರೀ ಗಾಜು ನೋಡಿ ಬರುವುದು ನಿಂತಿತು. ಬಾಗಿಲು ಸಲೀಸಾಗಿ ಹಾಕಿಕೊಳ್ಳುತ್ತದೆಯೇ, ನಲ್ಲಿಯ ಪೈಪು ಎಲ್ಲಾದರೂ ಬಿಟ್ಟುಕೊಂಡಿದೆಯೇ, ಹಿತ್ತಿಲ ಮರ ನಿನ್ನೆ ನಿಂತಂತೆಯೇ ನಿಂತಿದೆಯೇ, ಹತ್ತಿರದಲ್ಲಿ ಯಾರಾದರೂ ಅಗೆಯುತ್ತಿದ್ದಾರೆಯೇ. ಈ ಪ್ರಶ್ನೆಗಳನ್ನು ಅವರು ಎಷ್ಟು ಸಲ ಕೇಳಿದ್ದಾರೆಂದರೆ, ಈಗ ಬಾಗಿಲು ತೆರೆಯುವವರು ನಮಸ್ಕಾರದ ಬದಲು ಉತ್ತರಗಳನ್ನೇ ಹೇಳುತ್ತಾರೆ. ಇದನ್ನು ಬರೆಯಲೆಂದು ನಾನು ಜೊತೆಗೆ ಹೋದ ದಿನ ನಾಲ್ಕನೇ ಬೀದಿಯ ಅಜ್ಜಿಯೊಬ್ಬರು ಕಿಟಕಿಯಿಂದಲೇ ಕೂಗಿದರು: "ಬಾಗಿಲು ಸರಿ ಇದೆ, ಪೈಪು ಸರಿ ಇದೆ, ಮರ ಸರಿ ಇದೆ, ಮಂಡಿ ಮಾತ್ರ ಸರಿ ಇಲ್ಲ. ಅದಕ್ಕೇನಾದರೂ ಅಂಟಿಸ್ತೀಯಾ?"

ಟೈಲರ್ ಮನೆಯೊಂದನ್ನು ಬಿಟ್ಟು ಮೇಲಿನ ಬೀದಿಯ ಎಲ್ಲ ಮನೆಗಳೂ ಒಂದೊಂದಾಗಿ ಮತ್ತೆ ಬಾಗಿಲು ತೆರೆದವು. ಟೈಲರ್ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಹಾಗೇ ಆರು ವರ್ಷ ಕಳೆಯಿತು.

ಮೂರು ವರ್ಷದ ಹಿಂದೆ, ಮಳೆಗಾಲದ ಕೊನೆಯ ವಾರ. ಎರಡು ದಿನದಿಂದ ಮೋಡವೇ ಇಲ್ಲ. ಊರಿನವರೆಲ್ಲ ಹಾಸಿಗೆ, ಕಂಬಳಿ ತಂದು ಅಂಗಳದ ಕಟ್ಟೆಗಳ ಮೇಲೆ ಬಿಸಿಲಿಗೆ ಹಾಕಿದ್ದರು. ಆ ಬೆಳಿಗ್ಗೆ ಮೇಲಿನ ಬೀದಿಯ ನಡುವಿನ ಒಂದು ಮನೆಯಲ್ಲಿ ಗಾಜಿನಕ್ಕನ ಉಗುರು ತಡೆಯಿತು. ಸೀಳು ಕಣ್ಣಿಗೆ ಕಾಣುವಂತಿರಲಿಲ್ಲ. ನಿನ್ನೆ ಇರಲಿಲ್ಲ. ಒಂದು ಮನೆ ಬಿಟ್ಟು ಅದರಾಚೆಯ ಮನೆಯಲ್ಲೂ ಹಾಗೇ ಆಗಿತ್ತು. ಬೀದಿಯಲ್ಲಿ ಮಿಕ್ಕ ಗಾಜುಗಳೆಲ್ಲ ಸರಿಯಾಗಿದ್ದವು.

"ಬರೀ ಎರಡು. ಆವತ್ತು ಏಳು ಒಡೆದಾಗಲೇ ಏನೂ ಆಗಿರಲಿಲ್ಲ. ಈಗ ಎರಡಕ್ಕೆ ಏನಂತ ಹೇಳಲಿ? ಅದೂ ಇಷ್ಟು ಚೆನ್ನಾಗಿ ಬಿಸಿಲಿರುವಾಗ!" ಎನ್ನುತ್ತಾರೆ. ಅವಸರಪಡಲಿಲ್ಲ ಅವರು. ಆ ಮನೆಯಾಕೆಯನ್ನು ಕೇಳಿದರು. ಅಡುಗೆಮನೆಯ ಬಾಗಿಲು ನಿನ್ನೆಯಿಂದ ಹಾಕಿಕೊಳ್ಳುತ್ತಿಲ್ಲ ಎಂದಳಾಕೆ. ತೇವಕ್ಕೆ ಮರ ಉಬ್ಬಿರಬೇಕು ಅಂದುಕೊಂಡಿದ್ದಳು. ಆದರೆ ಮಳೆ ಸುರಿಯುವಾಗ ಉಬ್ಬದ ಮರ ಬಿಸಿಲಿಗೆ ಯಾಕೆ ಉಬ್ಬುತ್ತದೆ? ಬೀದಿಯ ತುದಿಯಲ್ಲಿ ಬಂಡೆಯ ಸಂದಿನಿಂದ ಬರುವ ನೀರಿಗೆ ಒಂದು ಕೊಳವೆ ಹಾಕಿದ್ದಾರೆ. ಎಂಥ ಮಳೆಯಲ್ಲೂ ಅದರಲ್ಲಿ ತಿಳಿನೀರೇ ಬರುತ್ತದೆ. ಹೋಗಿ ಕೈಯೊಡ್ಡಿದರೆ ಅಂಗೈಯಲ್ಲಿ ಕೆಂಪು ಮಣ್ಣು ನಿಂತಿತು. ಸುತ್ತಮುತ್ತ ಯಂತ್ರದ ಸದ್ದಿಲ್ಲ, ಅಗೆಯುವವರಿಲ್ಲ.

ಗಾಜು ಒಡೆದ ಎರಡು ಮನೆಗಳ ನಡುವೆ ಇದ್ದದ್ದು ಟೈಲರ್ ಮನೆ.

ಆರು ವರ್ಷದ ಮೇಲೆ ಗಾಜಿನಕ್ಕ ಆ ಹೊಸ್ತಿಲ ಮುಂದೆ ನಿಂತರು. ಬಾಗಿಲು ತೆರೆದೇ ಇತ್ತು. ಟೈಲರ್ ಹೊಲಿಗೆ ಯಂತ್ರ ತುಳಿಯುತ್ತಿದ್ದರು.

"ಟೈಲರಣ್ಣ, ಒಳಗೆ ಬರಲಾ?"

ಯಂತ್ರ ನಿಲ್ಲಲಿಲ್ಲ. "ಗಾಜು ಅಂಟಿಸೋಕಾ?"

"ಇಲ್ಲ. ಗೋಡೆ ನೋಡಿ ಹೋಗ್ತೀನಿ, ಅಷ್ಟೆ."

"ನೋಡಿದರೆ ಎದ್ದು ಹೋಗಿ ಅಂತೀರ."

"ಅನ್ನಲ್ಲ. ನೋಡಿ ಹೋಗ್ತೀನಿ."

ಟೈಲರ್ ಒಂದು ಕಾಲರಿನ ಹೊಲಿಗೆ ಮುಗಿಸಿ, ದಾರ ಕತ್ತರಿಸಿ ಎದ್ದರು. ಹೊಲಿದ ಬಟ್ಟೆ ತೂಗುಹಾಕುವ ಸ್ಟ್ಯಾಂಡನ್ನು ಗೋಡೆಯಿಂದ ಈಚೆಗೆ ಎಳೆದರು. ಹಿಂದಿನ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಬಿರುಕಿತ್ತು. ಇಲಿ, ಜಿರಳೆ ಬರಬಾರದೆಂದು ಹೋದ ವಾರವಷ್ಟೇ ಅದಕ್ಕೆ ಬಟ್ಟೆಯ ಚಿಂದಿಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಒತ್ತಿ ತುರುಕಿದ್ದರು. ಕೀಳಬೇಕೆಂದರೂ ಬರದಷ್ಟು ಬಿಗಿಯಾಗಿ. ಆ ಚಿಂದಿಗಳಲ್ಲಿ ಅರ್ಧಕ್ಕರ್ಧ ಈಗ ನೆಲದ ಮೇಲೆ ಬಿದ್ದಿದ್ದವು.

ಟೈಲರ್ ಬಗ್ಗಿ ಒಂದು ನೀಲಿ ಚಿಂದಿಯನ್ನು ಎತ್ತಿ ಮತ್ತೆ ಬಿರುಕಿಗೆ ಇಟ್ಟರು. ಅದು ನಿಲ್ಲದೆ ಜಾರಿ ಬಿತ್ತು.

ಮುಂದಿನದನ್ನು ಟೈಲರ್ ಬಾಯಲ್ಲೇ ಕೇಳಬೇಕು. "ಅವರು ಏನಾದರೂ ಹೇಳ್ತಾರೆ ಅಂತ ಕಾದೆ. ಹೇಳಲಿಲ್ಲ. ಅನ್ನಲ್ಲ ಅಂದಿದ್ದರಲ್ಲ, ಹಾಗೇ ಸುಮ್ನೆ ನಿಂತಿದ್ದರು. ಆಗ ನಾನೇ ಅಂದೆ. ನೀವು ಹೋಗಿ ಹೇಳಿದರೆ ಈ ಬೀದೀಲಿ ಯಾರೂ ಏಳಲ್ಲ. ನಾನು ಹೇಳ್ತೀನಿ. ನೀವು ಕಚೇರಿಗೆ ಹೋಗಿ, ಅಂತ."

ಕಚೇರಿಯಲ್ಲಿದ್ದವರು ಕಿಟಕಿಯಾಚೆ ಬಿಸಿಲು ನೋಡಿ ಅನುಮಾನಿಸಿದರು. ಹಿಂದಿನ ಸಲದ ಕಾಗದಗಳಿದ್ದ ಫೈಲು ಹೊರಗೆ ಬಂತು. "ಈ ಸಲವೂ ಏನೂ ಆಗದಿದ್ದರೆ?" ಎಂದು ಅಧಿಕಾರಿ ಕೇಳಿದರು. "ನಾನು ಹೇಳಿದೆ ಅಂತ ಬರೆದುಕೊಳ್ಳಿ ಸಾರ್. ಮತ್ತೆ ಬೈಸಿಕೊಳ್ತೀನಿ," ಎಂದರು ಇವರು. ಆ ಅಧಿಕಾರಿ ಬರೆದುಕೊಂಡರು. ಬರೆದುಕೊಂಡು, ಜೊತೆಗೆ ಇಬ್ಬರನ್ನು ಕಳಿಸಿಯೂ ಕೊಟ್ಟರು.

ಅವರು ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಬೀದಿ ಅರ್ಧ ಖಾಲಿಯಾಗಿತ್ತು. ಟೈಲರ್ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ್ದರು: "ನನ್ನ ಗೋಡೆ ಬಂದು ನೋಡಿ." ಗಾಜಿನಕ್ಕನ ಹೆಸರೆತ್ತಿದರೆ ಉರಿದುಬೀಳುವ ಮನುಷ್ಯನೇ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಿರುವುದನ್ನು ನೋಡಿದ ಮೇಲೆ ಯಾರೂ ಹೆಚ್ಚು ವಾದ ಮಾಡಲಿಲ್ಲ. ಕೊನೆಯ ಮನೆಯ ಮುದುಕಿಯೊಬ್ಬರು ಮಾತ್ರ ಒಲೆಯ ಮೇಲಿನ ಪಾತ್ರೆ ಇಳಿಸುವವರೆಗೆ ಕದಲುವುದಿಲ್ಲ ಎಂದು ಹಟ ಹಿಡಿದರು. ಕಡೆಗೆ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಕೆಳಗೆ ಬಂದರು. ಹನ್ನೊಂದೂವರೆಗೆ ಹದಿನಾಲ್ಕು ಮನೆಗಳಲ್ಲೂ ಯಾರೂ ಇರಲಿಲ್ಲ.

ಶಾಲೆಯ ಅಂಗಳದಲ್ಲಿ ಎಲ್ಲರೂ ಮೇಲಕ್ಕೆ ನೋಡುತ್ತ ಕೂತರು. ಹನ್ನೆರಡಾಯಿತು. ಒಂದಾಯಿತು. ಬಿಸಿಲು ಚುರುಗುಟ್ಟುತ್ತಿತ್ತು. ಯಾರೋ ಗಂಟಲು ಸರಿಮಾಡಿಕೊಂಡರು, ಯಾರೋ ಸಣ್ಣಗೆ ನಕ್ಕರು. "ನಾನು ಯಾರ ಮುಖಾನೂ ನೋಡಲಿಲ್ಲ," ಎನ್ನುತ್ತಾರೆ ಗಾಜಿನಕ್ಕ. "ಗುಡ್ಡ ಬೀಳಲಿ ಅಂತ ಅನ್ನಿಸಲಿಲ್ಲ, ದೇವರಾಣೆ. ಬೀಳದೇ ಇದ್ದರೆ ನಾಳೆ ಹೇಗೆ ಬಾಗಿಲು ತಟ್ಟಲಿ ಅಂತ ಮಾತ್ರ ಅನ್ನಿಸ್ತಾ ಇತ್ತು."

ಎರಡು ಗಂಟೆ ಹತ್ತು ನಿಮಿಷಕ್ಕೆ ಬೀದಿಯ ಹಿಂದಿನ ಮರಗಳು ಒಂದರ ಮೇಲೊಂದು ವಾಲಿದವು. ಸದ್ದು ಆಮೇಲೆ ಬಂತು. ಧೂಳು ಇಳಿದಾಗ ನಾಲ್ಕು ಮನೆಗಳಿದ್ದ ಜಾಗದಲ್ಲಿ ಕೆಂಪು ಮಣ್ಣು ಇತ್ತು. ಒಂದು ಕೋಳಿಗೂಡು ಹೋಯಿತು, ನಾಲ್ಕು ಸಂಸಾರಗಳ ಸಾಮಾನು ಹೋಯಿತು. ಯಾರೊಬ್ಬರಿಗೂ ಗಾಯವಾಗಲಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ಬರೆಯುವವರಿಗೆ ಸುಲಭವಾಗುತ್ತಿತ್ತು. ಗಾಜಿನಕ್ಕ ಅಷ್ಟಕ್ಕೆ ಬಿಡುವುದಿಲ್ಲ. ಆ ದಿನದ ಹಾಳೆ ತೆಗೆದು ತೋರಿಸುತ್ತಾರೆ. ಹೋದ ನಾಲ್ಕು ಮನೆಗಳಲ್ಲಿ ಒಂದರ ಗಾಜು ಮಾತ್ರ ಬೆಳಿಗ್ಗೆ ಒಡೆದಿತ್ತು. ಮಿಕ್ಕ ಮೂರು ಮನೆಗಳ ಮುಂದೆ ಅವರದೇ ಅಕ್ಷರದಲ್ಲಿ "ಹಾಗೇ ಇದೆ" ಎಂದಿದೆ. ಅಷ್ಟು ದೊಡ್ಡ ಬಿರುಕಿದ್ದ ಟೈಲರ್ ಮನೆ ಬೀಳಲೇ ಇಲ್ಲ. ಒಂದು ಕಡೆಗೆ ವಾಲಿ ಇವತ್ತಿಗೂ ನಿಂತಿದೆ.

"ಆ ಮೂರು ಮನೆಯೋರು ಎದ್ದಿದ್ದು ನನ್ನ ಗಾಜಿನಿಂದಲ್ಲ. ಪಕ್ಕದವರು ಎದ್ದರು ಅಂತ ಎದ್ದರು. ಗಾಜು ಗೊತ್ತಿದ್ದಷ್ಟು ಹೇಳುತ್ತೆ. ಗುಡ್ಡದ ಒಳಗೆ ಏನಿದೆ ಅಂತ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಜನ ಬಂದು ಕೈ ಮುಗಿದರೆ ನನಗೆ ಆ ಹಾಳೆ ನೆನಪಾಗುತ್ತೆ."

ಆ ಮೂರು ಮನೆಗಳಲ್ಲಿ ಯಾಕೆ ಒಡೆಯಲಿಲ್ಲ ಎಂದು ಅವರು ಆಮೇಲೆ ಬಹಳ ಯೋಚಿಸಿದರು. ಊರಿಗೆ ಬಂದ ಭೂವಿಜ್ಞಾನದ ಮೇಡಂ ಒಬ್ಬರನ್ನು ಬಿಡದೆ ಕೇಳಿದರು. ಮನೆ ಪೂರ್ತಿ ಒಟ್ಟಾಗಿ ನೆಲದ ಜೊತೆಗೇ ಜಾರಿದರೆ ಗೋಡೆಯ ಎರಡು ಭಾಗಗಳ ನಡುವೆ ಅಂತರ ಬೀಳುವುದೇ ಇಲ್ಲ, ಗಾಜಿಗೆ ಏನೂ ಗೊತ್ತಾಗುವುದಿಲ್ಲ ಎಂದರು ಮೇಡಂ. ಅದನ್ನು ಕೇಳಿದ ವಾರವೇ ಗಾಜಿನಕ್ಕ ಮನೆಗಳ ಹಿಂದಿನ ಇಳಿಜಾರಿನಲ್ಲಿ ಮರದ ಗೂಟಗಳನ್ನು ಸಾಲಾಗಿ ಹೊಡೆಸಿದರು. ಈಗ ಒಂದು ತುದಿಯ ಗೂಟದ ಬಳಿ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಎಲ್ಲ ಗೂಟಗಳೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡುತ್ತಾರೆ. ಇದರಿಂದ ದಿನದ ಕೆಲಸ ಮುಕ್ಕಾಲು ಗಂಟೆ ಹೆಚ್ಚಾಗಿದೆ.

ಮೇಲಿನ ಬೀದಿಯಲ್ಲಿ ಉಳಿದ ಹತ್ತು ಮನೆಗಳಲ್ಲಿ ನಾಲ್ಕಕ್ಕೆ ಕಚೇರಿ ಬೀಗ ಹಾಕಿದೆ. ಹಿಂದೆ ಕಲ್ಲಿನ ತಡೆಗೋಡೆ ಎದ್ದ ಮೇಲೆ ಆರು ಸಂಸಾರಗಳು ವಾಪಸಾಗಿವೆ. ಮನೆ ಕಳೆದುಕೊಂಡ ನಾಲ್ವರಿಗೆ ಬಸ್ ನಿಲ್ದಾಣದ ಹತ್ತಿರ, ಸಮನೆಲದಲ್ಲಿ ಹೊಸ ಮನೆ ಸಿಕ್ಕಿದೆ. ಹೋದ ಚಳಿಗಾಲದಲ್ಲಿ ಅವರಲ್ಲೊಬ್ಬಾಕೆ ಹೇಳಿ ಕಳಿಸಿದಳು, ಹೊಸ ಮನೆಯ ಗೋಡೆಯಲ್ಲಿ ಬಿರುಕು ಬಂದಿದೆ ಎಂದು. ಹೋಗಿ ನೋಡಿದರೆ ಅದು ಬರೀ ಗಿಲಾವು ಒಣಗಿ ಬಂದ ಗೆರೆ, ಒಳಗಿನ ಇಟ್ಟಿಗೆಗೆ ಏನೂ ಆಗಿರಲಿಲ್ಲ. ಹಾಗೆಂದು ಹೇಳಿದರೂ ಆಕೆಯ ಮುಖ ಗೆಲುವಾಗಲಿಲ್ಲ. "ಅಂಟಿಸಿ ಬಂದೆ. ಬೇಕಾಗಿರಲಿಲ್ಲ. ಅವಳಿಗೆ ನಿದ್ದೆ ಬರಲಿ ಅಂತ ಅಂಟಿಸಿದೆ."

ಏನಾದರೂ ಬೇಡಿಕೆ ಇದೆಯೇ ಎಂದು ಕೇಳುತ್ತೇನೆ. ಸೂರಿನ ಹತ್ತಿರದ ಗಾಜು ನೋಡಲು ಆಯಾ ಮನೆಯವರ ಸ್ಟೂಲು, ಡಬ್ಬ, ಕುರ್ಚಿ ಹತ್ತಬೇಕು. ಒಂದು ಸಲ ಅಕ್ಕಿ ಡಬ್ಬದ ಮುಚ್ಚಳ ಒಳಗೆ ಹೋಗಿ ಮೊಣಕಾಲವರೆಗೆ ಅಕ್ಕಿಯಲ್ಲಿ ನಿಂತಿದ್ದರಂತೆ. "ಮಡಚೋ ಏಣಿ ಬರುತ್ತಲ್ಲ, ಹಗುರವಾಗಿರುತ್ತೆ, ಹೆಗಲಿಗೆ ಹಾಕ್ಕೊಂಡು ಓಡಾಡಬಹುದು. ಅದೊಂದು ಸಿಕ್ಕಿದರೆ ಚೆನ್ನಾಗಿತ್ತು. ಇನ್ನೊಂದು ಹತ್ತು ವರ್ಷ ಮೆಟ್ಟಿಲು ಹತ್ತೋಕೆ ತೊಂದರೆ ಇಲ್ಲ, ಡಬ್ಬ ಹತ್ತೋಕೆ ಭಯ."

ಎಂಟೂವರೆಗೆ ನಾವು ಅವರ ಮನೆಯ ಮುಂದೆ ಬಂದು ನಿಲ್ಲುತ್ತೇವೆ. ಎರಡನೇ ಬೀದಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಗಂಡ ಆಗಲೇ ಅಂಗಡಿಯ ಬಾಗಿಲು ತೆರೆದು ಮರದ ಪಟ್ಟಿಗಳನ್ನು ಜೋಡಿಸುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಟೈಲರ್ ಬಾಡಿಗೆಗಿದ್ದಾರೆ, ತಮ್ಮ ಮನೆಗೆ ಬೀಗ ಬಿದ್ದಾಗಿನಿಂದ. ಇವರನ್ನು ಕಂಡದ್ದೇ ಅವರು ಯಂತ್ರ ನಿಲ್ಲಿಸಿ, ಕನ್ನಡಕ ಒರೆಸಿಕೊಳ್ಳುತ್ತ ಎದ್ದು ಬಂದು ಗಾಜಿನಕ್ಕನ ಮನೆಯ ಒಳಗೆ ಹೋಗುತ್ತಾರೆ.

ಒಳಗೆ ಮಲಗುವ ಕೋಣೆಯ ಗೋಡೆಯಲ್ಲಿ ಎರಡು ಗಾಜುಗಳಿವೆ. ಗಾಜಿನಕ್ಕ ಒಳಗೆ ಹೋಗುವುದಿಲ್ಲ. ಅಂಗಳದಲ್ಲೇ ನಿಂತು, ಒಣಗಲು ಹಾಕಿದ ಟವೆಲನ್ನು ಮಡಿಸುತ್ತಾರೆ, ಬಿಚ್ಚಿ ಇನ್ನೊಮ್ಮೆ ಮಡಿಸುತ್ತಾರೆ. ಬೇರೆ ಮನೆಗಳಲ್ಲಿ ಎರಡೆರಡು ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ ಟೈಲರ್ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಹೊರಗೆ ಬಂದು, "ಏನಿಲ್ಲ ಅಕ್ಕ, ಚೆನ್ನಾಗಿದೆ," ಎಂದು ತಮ್ಮ ಯಂತ್ರಕ್ಕೆ ವಾಪಸಾಗುತ್ತಾರೆ.

ಊರಿನ ಗೋಡೆಯೆಲ್ಲ ನೋಡುವ ನೀವು ಇದನ್ನು ಯಾಕೆ ನೋಡಿಕೊಳ್ಳುವುದಿಲ್ಲ ಎಂದು ಕೇಳುತ್ತೇನೆ.

ಗಾಜಿನಕ್ಕ ಟವೆಲನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. "ಇಲ್ಲಿ ಮೂವತ್ತೈದು ವರ್ಷ ಬಾಳಿದ್ದೀನಿ. ನಾನು ನೋಡಿದರೆ, ಒಡೆದಿದ್ದರೂ ನನಗೆ ಕಾಣಿಸಲ್ಲ."